ಸಮುದ್ರದ ಬೂತಾಯಿ, ಸಿರುಗುಪ್ಪದ ಹೊಂಡ: ಬಿಸಿ ಏರಿದರೆ ಮೀನಿನ ಲೆಕ್ಕ ಏನಾಗುತ್ತದೆ?

ಬಳ್ಳಾರಿಯಿಂದ ಅರಬ್ಬೀ ಸಮುದ್ರಕ್ಕೆ ನೇರವಾಗಿ ಗೆರೆ ಎಳೆದರೂ ಸುಮಾರು 300 ಕಿಲೋಮೀಟರು ದೂರ. ಅಲ್ಲಿ ನೀರು ಬಿಸಿಯಾದರೆ ಕುರುಗೋಡಿನ ಮೆಣಸಿನಕಾಯಿ ಬೆಳೆಗಾರರಿಗಾಗಲಿ, ಸಿರುಗುಪ್ಪದ ಭತ್ತದ ರೈತರಿಗಾಗಲಿ ಏನಾಗಬೇಕು ಎಂದು ನೀವು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ನಿಮ್ಮ ಕಾಲುವೆಯಲ್ಲಿ ಹರಿಯುವ ನೀರು ಬಂದದ್ದಾದರೂ ಎಲ್ಲಿಂದ? ಮುಂಗಾರಿನ ಮೋಡಗಳು ಆ ಸಮುದ್ರದ ಮೇಲಿಂದ ಹಾಯ್ದು ಬಂದು ಪಶ್ಚಿಮ ಘಟ್ಟದಲ್ಲಿ ಸುರಿದ ನೀರೇ ತುಂಗೆಯಾಗಿ, ಭದ್ರೆಯಾಗಿ, ಕೂಡಲಿಯಲ್ಲಿ ಒಂದಾಗಿ ಹೊಸಪೇಟೆಯ ಅಣೆಕಟ್ಟೆಗೆ ಬಂದು ನಿಲ್ಲುತ್ತದೆ. ಸಮುದ್ರದ ಸ್ವಭಾವ ಬದಲಾದರೆ ನಿಮ್ಮ ತೂಬಿನ ನೀರಿನ ಸ್ವಭಾವವೂ ಬದಲಾಗುತ್ತದೆ.

ಇನ್ನೊಂದು ಕಾರಣವೂ ಉಂಟು. ಕಾಲುವೆಯ ಕೊನೆಯಲ್ಲಿ ಸವುಳು, ಜವಳು ಹಿಡಿದು ಭತ್ತಕ್ಕೂ ಬಾರದ ಎರೆ ನೆಲದಲ್ಲಿ ಹೊಂಡ ತೆಗೆಸಿ ಮೀನು ಬಿಟ್ಟವರು, ಬಿಡಬೇಕೆಂದಿರುವವರು ನಿಮ್ಮಲ್ಲಿ ಹಲವರು. ಸಮುದ್ರದ ಮೀನಿಗೆ ಬಿಸಿಯಿಂದ ಆಗುವುದನ್ನು ವಿಜ್ಞಾನಿಗಳು ಯಾವ ಬಗೆಯಲ್ಲಿ ಲೆಕ್ಕ ಹಾಕುತ್ತಾರೋ ಅದೇ ಬಗೆಯ ಲೆಕ್ಕವನ್ನು ಒಂದು ಎಕರೆ ಹೊಂಡಕ್ಕೂ ಹಾಕಬಹುದು. ಅದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಮಾದರಿ ಎಂದರೆ ಜಮಾ-ಖರ್ಚಿನ ಪುಸ್ತಕ

ವಿಜ್ಞಾನಿಗಳು ‘ಮಾದರಿ’ ಎನ್ನುವ ಪದವನ್ನು ಹೇರಳವಾಗಿ ಬಳಸುತ್ತಾರೆ. ಗಾಬರಿಯಾಗಬೇಕಾದುದಿಲ್ಲ. ದಲ್ಲಾಳಿ ಅಂಗಡಿಯ ಖಾತೆ ಪುಸ್ತಕವನ್ನು ನೀವು ನೋಡಿದ್ದೀರಿ. ಬಂದದ್ದು ಒಂದು ಕಡೆ, ಹೋದದ್ದು ಇನ್ನೊಂದು ಕಡೆ, ಉಳಿಕೆ ಕೆಳಗೆ. ಸಮುದ್ರದ ಮಾದರಿಯೂ ಹೆಚ್ಚು ಕಡಮೆ ಅಂಥದೇ. ರೂಪಾಯಿಯ ಬದಲು ಅಲ್ಲಿ ಬರೆಯುವುದು ಜೀವರಾಶಿಯ ತೂಕವನ್ನು.

ಬಿಸಿಲಿನ ಬಲದಿಂದ ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಗಳು ಬೆಳೆಯುತ್ತವೆ. ಸಮುದ್ರದ ಪೈರೆಂದರೆ ಇವೇ. ಇವನ್ನು ಸೂಕ್ಷ್ಮ ಪ್ರಾಣಿಗಳು ತಿನ್ನುತ್ತವೆ, ಅವನ್ನು ಸಣ್ಣ ಮೀನು, ಸಣ್ಣ ಮೀನನ್ನು ದೊಡ್ಡ ಮೀನು. ಒಂದು ಮೆಟ್ಟಿಲಿನಿಂದ ಮುಂದಿನ ಮೆಟ್ಟಿಲಿಗೆ ಸುಮಾರಾಗಿ ಹತ್ತರಲ್ಲಿ ಒಂದು ಪಾಲು ಮಾತ್ರ ಸಾಗುತ್ತದೆ. ಉಳಿದ ಒಂಬತ್ತು ಪಾಲು ಉಸಿರಾಟ, ಓಡಾಟ, ಹೊಲಸುಗಳಲ್ಲಿ ಕಳೆದುಹೋಗುತ್ತದೆ. ಸಾವಿರ ಕಿಲೋ ಸಸ್ಯ ನೂರು ಕಿಲೋ ಸೂಕ್ಷ್ಮ ಪ್ರಾಣಿಯಾಗುತ್ತದೆ, ಆ ನೂರು ಹತ್ತು ಕಿಲೋ ಸಣ್ಣ ಮೀನಾಗುತ್ತದೆ, ಆ ಹತ್ತು ಒಂದು ಕಿಲೋ ದೊಡ್ಡ ಮೀನು. ಬುಡದಲ್ಲಿ ಪೈರು ಸ್ವಲ್ಪ ಕುಗ್ಗಿದರೂ ತುದಿಯಲ್ಲಿ ಏಕೆ ತಟ್ಟುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ಇಂಥ ಖಾತೆ ಪುಸ್ತಕವನ್ನು 1984ರಲ್ಲಿ ಹವಾಯಿ ದ್ವೀಪಗಳ ಒಂದು ಹವಳದ ದಿಬ್ಬಕ್ಕೆ ಪೊಲೊವಿನಾ ಎಂಬ ವಿಜ್ಞಾನಿ ಬರೆದರು. ಅನಂತರ ಡೇನಿಯಲ್ ಪಾಲಿ, ವಿಲ್ಲಿ ಕ್ರಿಸ್ಟೆನ್‌ಸೆನ್ ಮುಂತಾದವರು ಅದನ್ನು ಬೆಳೆಸಿ ‘ಇಕೋಪಾತ್’ ಎಂಬ ಹೆಸರಿನಲ್ಲಿ ಜಗತ್ತಿಗೆಲ್ಲ ಹರಡಿದರು. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ನಮ್ಮ ಕರ್ನಾಟಕದ ಎದುರಿನ ಅರಬ್ಬೀ ಸಮುದ್ರಕ್ಕೇ ಒಂದು ಲೆಕ್ಕ ಕಟ್ಟಿ 2008ರಲ್ಲಿ ಪ್ರಕಟಿಸಿದ್ದಾರೆ.

ಸಮುದ್ರದೊಳಗಿನ ಮೀನನ್ನು ಎಣಿಸಿದವರು ಯಾರು ಎಂಬ ಸಂಶಯ ಸಹಜ. ನಿಮ್ಮೂರಿನಲ್ಲಿ ಬೆಳೆ ಕಟಾವು ಪ್ರಯೋಗ ನಡೆಯುವುದಿಲ್ಲವೇ? ಎಲ್ಲ ಹೊಲಗಳನ್ನೂ ಕೊಯ್ದು ತೂಗುವುದಿಲ್ಲ. ಕೆಲವು ಹೊಲಗಳನ್ನು ಆರಿಸಿ, ಅಳತೆಯ ತುಂಡು ಕೊಯ್ದು, ತಾಲ್ಲೂಕಿನ ಇಳುವರಿಯನ್ನು ಅಂದಾಜು ಮಾಡುತ್ತಾರೆ. ಬಂದರುಗಳಲ್ಲಿಯೂ ಹಾಗೆಯೇ. ಆರಿಸಿದ ದಿನಗಳಂದು ಆರಿಸಿದ ದೋಣಿಗಳ ಮೀನನ್ನು ಜಾತಿವಾರು ತೂಗಿ ಬರೆದುಕೊಳ್ಳುತ್ತಾರೆ. 1947ರಲ್ಲಿ ಹುಟ್ಟಿದ ಆ ಸಂಸ್ಥೆ ದಶಕಗಳಿಂದ ಮಾಡುತ್ತ ಬಂದ ಈ ದಾಖಲೆಯೇ ಲೆಕ್ಕದ ಬಂಡವಾಳ. ದಾಖಲೆ ಇಲ್ಲದಿದ್ದರೆ ಎಷ್ಟು ದೊಡ್ಡ ಕಂಪ್ಯೂಟರ್ ಇದ್ದರೂ ಪ್ರಯೋಜನವಿಲ್ಲ ಎಂಬುದು ನನ್ನ ಅಭಿಪ್ರಾಯ.

ಬೂತಾಯಿ ಎಲ್ಲಿ ಹೋಯಿತು?

ಕರಾವಳಿಯವರಿಗೆ ಬೂತಾಯಿ ಎಂದರೆ ನಮಗೆ ಜೋಳವಿದ್ದ ಹಾಗೆ. ಬಡವರ ಊಟ. ಹೆಚ್ಚು ಸಿಕ್ಕ ವರ್ಷ ಎಣ್ಣೆ ತೆಗೆಯುವುದಕ್ಕೂ, ಮೀನಿನ ಹುಡಿಗೂ, ತೆಂಗಿನ ಬುಡದ ಗೊಬ್ಬರಕ್ಕೂ ಹೋಗುತ್ತಿತ್ತು. ನಿಮ್ಮ ಕೋಳಿ ಸಾಕಣೆಯವರು ಕೊಳ್ಳುವ ಆಹಾರದಲ್ಲಿಯೂ ಮೀನಿನ ಹುಡಿ ಸೇರಿರುವುದುಂಟು.

ಮುಂಗಾರಿನ ತಿಂಗಳುಗಳಲ್ಲಿ ಕೇರಳ ಹಾಗೂ ಕರ್ನಾಟಕದ ತೀರದಲ್ಲಿ ಆಳದ ತಂಪು ನೀರು ಮೇಲಕ್ಕೆ ಉಕ್ಕುತ್ತದೆ. ಅದರೊಂದಿಗೆ ತಳದಲ್ಲಿದ್ದ ಸಾರವೂ ಮೇಲೆ ಬರುತ್ತದೆ. ಮಾಗಿ ಉಳುಮೆಯಲ್ಲಿ ಅಡಿಯ ಮಣ್ಣು ಮೇಲೆ ಬಂದ ಹಾಗೆ ಎನ್ನಿ. ಆಗ ಸೂಕ್ಷ್ಮ ಸಸ್ಯ ಹುಲುಸಾಗಿ ಬೆಳೆದು, ಅದನ್ನು ತಿನ್ನಲು ಬೂತಾಯಿ ಹಿಂಡುಗಟ್ಟಿ ಬರುತ್ತದೆ. ಸಮುದ್ರದ ಮೇಲ್ಪದರ ಹೆಚ್ಚು ಬಿಸಿಯಾದರೆ ಬಿಸಿ ನೀರು ಹಗುರವಾಗಿ ಮೇಲೆ ತೇಲಿ ಕೂಡುತ್ತದೆ. ಕೆಳಗಿನ ಸಾರವುಳ್ಳ ನೀರು ಅದನ್ನು ಭೇದಿಸಿ ಬರುವುದು ಕಷ್ಟ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2014ರಲ್ಲಿ ತೋರಿಸಿದಂತೆ, ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಒಂದು ಶತಮಾನಕ್ಕೂ ಮಿಕ್ಕಿದ ಅವಧಿಯಲ್ಲಿ ಮುಂಗಾರಿನ ತಿಂಗಳುಗಳಲ್ಲಿ ಸುಮಾರು 1.2 ಡಿಗ್ರಿ ಸೆಲ್ಸಿಯಸ್ ಬಿಸಿಯೇರಿದೆ. ಆ ಭಾಗದಲ್ಲಿ ಆರು ದಶಕಗಳಲ್ಲಿ ಸೂಕ್ಷ್ಮ ಸಸ್ಯ ಶೇಕಡ 20ರ ವರೆಗೆ ಇಳಿದಿರಬಹುದೆಂದು 2016ರಲ್ಲಿ ಅವರೇ ಬರೆದರು.

ಬೂತಾಯಿ ಹೋದದ್ದಲ್ಲದೆ ಸರಿದದ್ದೂ ಉಂಟು. 1980ರ ದಶಕಕ್ಕೆ ಮುಂಚೆ ದೇಶದ ಬೂತಾಯಿಯ ಬಹುಪಾಲು ಸಿಗುತ್ತಿದ್ದುದು 8ರಿಂದ 14 ಡಿಗ್ರಿ ಉತ್ತರ ಅಕ್ಷಾಂಶದ ನಡುವೆ, ಅಂದರೆ ಕೇರಳದ ತುದಿಯಿಂದ ನಮ್ಮ ಭಟ್ಕಳದ ಆಸುಪಾಸಿನ ವರೆಗೆ. ಅನಂತರ ಅದು ಉತ್ತರಕ್ಕೂ ಪೂರ್ವ ಕರಾವಳಿಗೂ ಹಬ್ಬಿದುದನ್ನು ಇ. ವಿವೇಕಾನಂದನ್ ಮತ್ತಿತರ ವಿಜ್ಞಾನಿಗಳು ದಾಖಲಿಸಿದ್ದಾರೆ. ಬಂಗುಡೆ ಮೀನು ಮೇಲ್ಪದರ ಬಿಟ್ಟು ಆಳಕ್ಕೆ ಇಳಿಯುತ್ತಿರುವುದೂ ಕಂಡುಬಂದಿದೆ. ಮೀನಿಗೆ ಬೇಲಿ ಇಲ್ಲ. ತನಗೆ ಹಿತವಾದ ನೀರು ಎಲ್ಲಿದೆಯೋ ಅಲ್ಲಿಗೆ ಹೋಗುತ್ತದೆ.

ಕೇರಳದಲ್ಲಿ 2012ರಲ್ಲಿ ಬೂತಾಯಿಯ ಹಿಡುವಳಿ ಹಿಂದೆಂದೂ ಕಾಣದ 3.9 ಲಕ್ಷ ಟನ್ನು ದಾಟಿತ್ತು. 2021ರಲ್ಲಿ ಸಿಕ್ಕಿದ್ದು 3,297 ಟನ್ನು. ನೂರಕ್ಕೆ ಒಂದೂ ಇಲ್ಲ. ಇದು ಬಿಸಿಯಿಂದಲೇ ಆಯಿತೇ? ಇಲ್ಲಿಯೇ ಮಾದರಿಯ ನಿಜವಾದ ಉಪಯೋಗ. 2012ರ ನಂತರ ಮರಿಮೀನನ್ನೂ ಬಿಡದೆ ಬಳಿದದ್ದು ಒಂದು ಕಾರಣ. 2015-16ರ ಬಲವಾದ ಎಲ್ ನಿನೋ ಇನ್ನೊಂದು ಕಾರಣ. ಸಮುದ್ರದಲ್ಲಿ ನಿಜವಾಗಿ ನಡೆದದ್ದು ಎರಡೂ ಒಟ್ಟಿಗೆ, ಬೇರ್ಪಡಿಸಲು ಬರುವುದಿಲ್ಲ. ಪುಸ್ತಕದಲ್ಲಾದರೆ ಬರುತ್ತದೆ. ಒಮ್ಮೆ ಬಲೆಯನ್ನು ತೆಗೆದುಹಾಕಿ ಬಿಸಿಯನ್ನು ಮಾತ್ರ ಬರೆದು ಉಳಿಕೆ ನೋಡಬಹುದು. ಇನ್ನೊಮ್ಮೆ ಬಿಸಿಯನ್ನು ಬಿಟ್ಟು ಬಲೆಯನ್ನು ಮಾತ್ರ ಬರೆಯಬಹುದು.

ಅದೇ 2015ರಲ್ಲಿ ದೇಶದ ಮುಂಗಾರು ವಾಡಿಕೆಗಿಂತ ಶೇಕಡ 14ರಷ್ಟು ಕಡಮೆಯಾಯಿತೆಂಬುದನ್ನೂ ಜ್ಞಾಪಿಸಿಕೊಳ್ಳಿ. ದೂರದ ಪೆಸಿಫಿಕ್ ಸಾಗರ ಬಿಸಿಯಾದುದರ ಪೆಟ್ಟು ಮಂಗಳೂರಿನ ದೋಣಿಗೂ ಬಿತ್ತು, ತುಂಗಭದ್ರೆಯ ಕಾಲುವೆಗೂ ಬಿತ್ತು.

ಲೆಕ್ಕ ತಪ್ಪುವುದೂ ಉಂಟು

ಮಾದರಿ ಹೇಳಿದ್ದೆಲ್ಲ ವೇದವಾಕ್ಯವಲ್ಲ. 1920ರ ದಶಕದ ಮೊದಲಲ್ಲಿ ಜೇಮ್ಸ್ ಹಾರ್ನೆಲ್ ಮತ್ತು ನಾಯುಡು ಎಂಬವರು ಮಲಬಾರಿನ ಬೂತಾಯಿಯ ಜೀವನಕ್ರಮವನ್ನು ಅಭ್ಯಾಸ ಮಾಡಿದರು. ಹಾರ್ನೆಲ್ ಮದರಾಸು ಆಧಿಪತ್ಯದ ಮೀನುಗಾರಿಕಾ ಇಲಾಖೆಯ ನಿರ್ದೇಶಕರಾಗಿದ್ದವರು. ಆಗ ನಮ್ಮ ಬಳ್ಳಾರಿ ಜಿಲ್ಲೆಯೂ ದಕ್ಷಿಣ ಕನ್ನಡವೂ ಅದೇ ಆಧಿಪತ್ಯದಲ್ಲಿದ್ದವು. ಯಂತ್ರದ ದೋಣಿಗಳು ಬರುವ ಮುಂಚೆ, 1940ರ ದಶಕದಲ್ಲಿಯೇ, ಬೂತಾಯಿ ವರ್ಷಾನುಗಟ್ಟಲೆ ಮಾಯವಾಗಿ ಮತ್ತೆ ಬಂದಿತ್ತು. ಬಿಸಿ, ಬಲೆಗಳ ಹೊರತಾಗಿಯೂ ಈ ಮೀನಿಗೆ ತನ್ನದೇ ಏರಿಳಿತವಿದೆ. ಆದುದರಿಂದ ಹೊಸ ಮಾದರಿಯನ್ನು ಮೊದಲು ಹಿಂದಿನ ವರ್ಷಗಳಿಗೆ ಹಚ್ಚಿ ನೋಡುತ್ತಾರೆ. ಆಗಿಹೋದದ್ದನ್ನು ಸರಿಯಾಗಿ ಹೇಳಲಾರದ ಪುಸ್ತಕ ಆಗಲಿರುವುದನ್ನು ಹೇಳೀತೇ?

ಒಂದು ಪುಸ್ತಕವನ್ನೇ ನಂಬುವ ಬದಲು ಹಲವು ದೇಶಗಳ ವಿಜ್ಞಾನಿಗಳು ತಮ್ಮ ತಮ್ಮ ಮಾದರಿಗಳನ್ನು ಒಂದೇ ಪ್ರಶ್ನೆಗೆ ಹಚ್ಚಿ ಉತ್ತರಗಳನ್ನು ಹೋಲಿಸುವ ಪದ್ಧತಿಯೂ ಬಂದಿದೆ. 2019ರಲ್ಲಿ ಪ್ರಕಟವಾದ ಅಂಥ ಹೋಲಿಕೆಯ ಪ್ರಕಾರ ಭೂಮಿಯ ಬಿಸಿ ಒಂದೊಂದು ಡಿಗ್ರಿ ಏರಿದಂತೆ ಸಮುದ್ರದ ಪ್ರಾಣಿರಾಶಿ ಸುಮಾರು ಶೇಕಡ 5ರಂತೆ ಇಳಿಯುತ್ತದೆ. ಹೊಗೆ ಉಗುಳುವುದನ್ನು ತಗ್ಗಿಸದೆ ಹೋದರೆ ಈ ಶತಮಾನದ ಕೊನೆಗೆ ಇಳಿತ ಸುಮಾರು ಶೇಕಡ 17. ಬಲವಾಗಿ ತಗ್ಗಿಸಿದರೆ ಸುಮಾರು ಶೇಕಡ 5. ಇದು ಇಡೀ ಜಗತ್ತಿನ ಸರಾಸರಿ. ನಮ್ಮಂಥ ಉಷ್ಣವಲಯದ ಸಮುದ್ರಗಳಿಗೆ ಪೆಟ್ಟು ಹೆಚ್ಚು, ಧ್ರುವಗಳ ಕಡೆ ಕೆಲವೆಡೆ ಮೀನು ಹೆಚ್ಚಲೂಬಹುದು.

ಈಗ ನಿಮ್ಮ ಹೊಂಡಕ್ಕೆ ಬರೋಣ

ಬೇಸಗೆಯ ಒಂದು ಮುಂಜಾನೆ ನೀವು ಹೊಂಡದ ದಂಡೆಗೆ ಹೋಗುತ್ತೀರಿ. ಕಾಟ್ಲಾ, ರೋಹು ಎಲ್ಲ ಬಾಯಿ ಮೇಲೆತ್ತಿ ಗಾಳಿ ಗುಟುಕರಿಸುತ್ತಿವೆ. ಮರುದಿನ ಬೆಳ್ಳಗೆ ತೇಲುತ್ತವೆ. ಯಾರೋ ವಿಷ ಹಾಕಿದರೆಂದು ನೆರೆಯವನ ಮೇಲೆ ಅನುಮಾನ ಬರುವುದುಂಟು, ಜಗಳವಾದದ್ದೂ ಉಂಟು. ಬಹುಮಟ್ಟಿಗೆ ಅಲ್ಲಿ ಕೈಕೊಟ್ಟಿರುವುದು ಆಮ್ಲಜನಕದ ಲೆಕ್ಕ.

ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕರಗುವುದು ಕಡಮೆ. ಸಮುದ್ರಮಟ್ಟದಲ್ಲಿ 25 ಡಿಗ್ರಿಯ ಸಿಹಿನೀರು ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಹಿಡಿದುಕೊಂಡರೆ, 35 ಡಿಗ್ರಿಯಲ್ಲಿ ಸುಮಾರು 7. ಇತ್ತ ಜೀವಿಗಳ ಉಸಿರಾಟ ಹತ್ತು ಡಿಗ್ರಿ ಏರಿದರೆ ಸುಮಾರು ಎರಡರಷ್ಟಾಗುತ್ತದೆ. ಜಮಾ ಇಳಿಯಿತು, ಖರ್ಚು ಏರಿತು. ಸಮುದ್ರದ ಮೀನಿಗೂ ಹೊಂಡದ ಮೀನಿಗೂ ಬಿಸಿಯ ಮೂಲ ತೊಂದರೆ ಇದೇ.

ಒಂದು ಎಕರೆಯ ಹೊಂಡ, ನೀರು ಸರಾಸರಿ 5 ಅಡಿ. ಒಟ್ಟು ನೀರು ಸುಮಾರು 6,000 ಘನ ಮೀಟರು. ಮೀನು ತಲಾ ಅರ್ಧ ಕಿಲೋದಂತೆ 2,000, ಅಂದರೆ 1,000 ಕಿಲೋ. ಸೂರ್ಯ ಮುಳುಗುವಾಗ ಲೀಟರಿಗೆ 7 ಮಿಲಿಗ್ರಾಂ ಆಮ್ಲಜನಕವಿದೆ ಎಂದು ಹಿಡಿಯೋಣ. ಹೊಂಡದಲ್ಲಿ ಒಟ್ಟು 42 ಕಿಲೋ. ಇದು ರಾತ್ರಿಯ ಬಂಡವಾಳ. ಕತ್ತಲಾದ ಮೇಲೆ ಸಸ್ಯಗಳು ಆಮ್ಲಜನಕ ಕೊಡುವುದಿಲ್ಲ, ತಾವೇ ಉಸಿರಾಡುತ್ತವೆ. ಹನ್ನೆರಡು ಗಂಟೆಯ ಖರ್ಚು ನೋಡಿ. ಮೀನುಗಳಿಗೆ ಸುಮಾರು 3 ಕಿಲೋ. ತಳದ ಕೆಸರಿಗೆ 3 ಕಿಲೋ. ನೀರಿನ ಹಸಿರಿಗೆ, ಗಂಟೆಗೆ ಲೀಟರಿಗೆ ಕಾಲು ಮಿಲಿಗ್ರಾಮಿನಂತೆ, 18 ಕಿಲೋ. ಒಟ್ಟು 24 ಕಿಲೋ. ಬೆಳಗಿಗೆ ಉಳಿದದ್ದು 18 ಕಿಲೋ, ಅಂದರೆ ಲೀಟರಿಗೆ 3 ಮಿಲಿಗ್ರಾಂ. ಮೀನಿಗೆ ಕಷ್ಟ, ಆದರೆ ಬದುಕುತ್ತದೆ.

ಏಪ್ರಿಲ್ ಬಂತು. ಕಾಲುವೆ ಬಂದ್. ನೀರು 3 ಅಡಿಗೆ ಇಳಿದಿದೆ, ಅಂದರೆ 3,600 ಘನ ಮೀಟರು. ಬಿಸಿ 5 ಡಿಗ್ರಿ ಹೆಚ್ಚಿದೆ. ಸಂಜೆಯ ಬಂಡವಾಳ 7 ಮಿಲಿಗ್ರಾಮೇ ಇದ್ದರೂ ಹೊಂಡಕ್ಕೆ 25 ಕಿಲೋ ಮಾತ್ರ. ಖರ್ಚೆಲ್ಲ ಒಂದೂವರೆ ಪಟ್ಟಿನ ಹತ್ತಿರ ಹೋಗುತ್ತದೆ: ಮೀನಿಗೆ 4, ಕೆಸರಿಗೆ 4, ಹಸಿರಿಗೆ 15, ಒಟ್ಟು 23 ಕಿಲೋ. ಬೆಳಗಿಗೆ ಉಳಿದದ್ದು 2 ಕಿಲೋ, ಲೀಟರಿಗೆ ಅರ್ಧ ಮಿಲಿಗ್ರಾಮಿನಷ್ಟು. ಹೊಂಡ ಖಾಲಿಯಾದಂತೆಯೇ.

ಕೈಯಲ್ಲಿ ಪುಸ್ತಕವಿದೆಯಲ್ಲ, ಇನ್ನು ಪ್ರಶ್ನೆ ಕೇಳೋಣ. ಒಂದು ಮೀನನ್ನೂ ಕೊಲ್ಲದೆ ಕೇಳಬಹುದು. ಮೀನಿನಲ್ಲಿ ಅರ್ಧವನ್ನು ಮೊದಲೇ ಹಿಡಿದು ಮಾರಿದ್ದರೆ? ಉಳಿತಾಯ 2 ಕಿಲೋ. ಬೆಳಗಿನ ಮಟ್ಟ 1 ಮಿಲಿಗ್ರಾಮಿಗೆ ಏರುತ್ತದೆ, ಸಾಲದು. ನೀರಿನ ಹಸಿರನ್ನು ಅರ್ಧಕ್ಕೆ ಇಳಿಸಿದ್ದರೆ? ಉಳಿತಾಯ ಏಳೂವರೆ ಕಿಲೋ. ಮಟ್ಟ ಎರಡೂವರೆ ಮಿಲಿಗ್ರಾಂ ದಾಟುತ್ತದೆ. ಎರಡನ್ನೂ ಮಾಡಿದರೆ ಮೂರು ದಾಟುತ್ತದೆ. ಹೊಂಡದ ಉಸಿರನ್ನು ಹೆಚ್ಚಾಗಿ ತಿನ್ನುವುದು ಮೀನೇ ಎಂದು ನಾವು ಭಾವಿಸಿರುತ್ತೇವೆ. ಲೆಕ್ಕ ಬೇರೆ ಮಾತು ಹೇಳುತ್ತದೆ. ಹಸಿರು ಹೆಚ್ಚಲು ಕಾರಣ ನಾವು ಸುರಿದ ಸಗಣಿ, ಯೂರಿಯಾ, ಮೀನು ತಿನ್ನದೆ ಬಿಟ್ಟ ತೌಡು, ಶೇಂಗಾ ಹಿಂಡಿ.

ಈ ಲೆಕ್ಕದಲ್ಲಿ ನಾನು ಬಿಟ್ಟದ್ದೂ ಇದೆ. ರಾತ್ರಿ ಗಾಳಿ ಬೀಸಿದರೆ ಸ್ವಲ್ಪ ಆಮ್ಲಜನಕ ನೀರಿಗೆ ಸೇರುತ್ತದೆ. ಮೋಡ ಕವಿದ ದಿನ ಸಂಜೆಯ ಬಂಡವಾಳವೇ 7ಕ್ಕೆ ಮುಟ್ಟುವುದಿಲ್ಲ. ಹೊಂಡದಿಂದ ಹೊಂಡಕ್ಕೆ ಅಂಕಿಗಳು ಬದಲಾಗುತ್ತವೆ. ಹಾಗೆಂದು ಲೆಕ್ಕವನ್ನು ಎಸೆಯಬಾರದು; ಯಾವ ಖರ್ಚು ದೊಡ್ಡದು, ಯಾವುದು ಚಿಕ್ಕದು ಎಂಬುದನ್ನು ಅದು ಸರಿಯಾಗಿಯೇ ತೋರಿಸುತ್ತದೆ.

ಜಲಾಶಯದ ಮಾತು

ನಿಮ್ಮ ಹೊಂಡದ ಆಳ ಅಣೆಕಟ್ಟೆಯ ಕೈಯಲ್ಲಿದೆ. 1953ರಲ್ಲಿ ನೀರು ನಿಲ್ಲಿಸಿದಾಗ ತುಂಗಭದ್ರಾ ಜಲಾಶಯದಲ್ಲಿ ಸುಮಾರು 133 ಟಿ.ಎಂ.ಸಿ. ನೀರು ಹಿಡಿಯುತ್ತಿತ್ತು. ಹೂಳು ತುಂಬಿ, 2016ರ ಅಳತೆಯಂತೆ ಅದು ಸುಮಾರು 105.8ಕ್ಕೆ ಇಳಿದಿದೆ. 2023ರಲ್ಲಿ ಮಳೆ ಕೈಕೊಟ್ಟಿತು. ಮರುವರ್ಷ ಜಲಾಶಯ ತುಂಬಿದ್ದಾಗ, 2024ರ ಆಗಸ್ಟ್ 10ರ ರಾತ್ರಿ, 19ನೆಯ ಕ್ರಸ್ಟ್ ಗೇಟು ಕೊಚ್ಚಿಹೋಗಿ ಕೂಡಿಟ್ಟ ನೀರನ್ನು ಹೊಳೆಗೆ ಬಿಡಬೇಕಾಯಿತು. ಒಂದು ವರ್ಷ ಬರ, ಒಂದು ವರ್ಷ ನೆರೆ ಎಂಬ ಈ ಹೊಯ್ದಾಟ ಹೆಚ್ಚಾಗುವುದೆಂದೇ ಹವಾಮಾನದ ಮಾದರಿಗಳು ಹೇಳುತ್ತವೆ. ಆದುದರಿಂದ ಮೀನಿನ ಹೊಂಡವನ್ನು ಕಾಲುವೆಯ ಭರವಸೆಯ ಮೇಲಷ್ಟೇ ತೆಗೆಸುವುದು ಜಾಣತನವಲ್ಲ. ಒಂದು ಮೂಲೆಯಲ್ಲಿ ಎಂಟು ಹತ್ತು ಅಡಿಯ ಆಳದ ಗುಂಡಿ ಇದ್ದರೆ ಬೇಸಗೆಯಲ್ಲಿ ಮೀನಿಗೆ ತಂಪಿನ ಆಸರೆ. ಕೊಳವೆ ಬಾವಿಯ ನೀರು ಸವುಳಾಗಿರುವ ಕಡೆ ಬಿಡುವ ಮುನ್ನ ಪರೀಕ್ಷೆ ಮಾಡಿಸತಕ್ಕದ್ದು.

ಮರಿ ಬಿಡುವ ಕಾಲವೂ ಸ್ವಲ್ಪ ಯೋಚಿಸಬೇಕಾದ ವಿಷಯ. 1957ರ ಜುಲೈ 10ರಂದು ಒರಿಸ್ಸಾದಲ್ಲಿ ಹೀರಾಲಾಲ್ ಚೌಧರಿಯವರು ಚುಚ್ಚುಮದ್ದಿನಿಂದ ಗೆಂಡೆ ಮೀನುಗಳಿಗೆ ಮೊಟ್ಟೆ ಇಡಿಸಿದ ಮೇಲೆ ಮರಿಗಾಗಿ ಹೊಳೆಯನ್ನು ಕಾಯುವುದು ತಪ್ಪಿತು. ಆದರೂ ಅವುಗಳ ಸಂತಾನಕಾಲ ಮುಂಗಾರಿನದೇ ಆಗಿತ್ತು. ಬಂಗಾಳದಲ್ಲಿ ಬಿಸಿ ಏರಿದಂತೆ ಅದು ಮುಂಚಿತವಾಗಿ ಮಾರ್ಚ್ ತಿಂಗಳಿಗೇ ಬರುತ್ತಿರುವುದನ್ನು ಒಳನಾಡು ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಗಮನಿಸಿದ್ದಾರೆ. ಮರಿ ಬೇಗ ಸಿಗುವುದು ಲಾಭವೆಂದು ತೋರಬಹುದು. ನಮ್ಮಲ್ಲಿ ಮಾರ್ಚ್-ಏಪ್ರಿಲ್‌ನಲ್ಲಿ ಬಿಡಲು ನೀರೆಲ್ಲಿದೆ? ಬೇಗ ಸಿಕ್ಕಿತೆಂದು ಕೊಂಡು ತಂದು ಬಿಸಿ ನೀರಿಗೆ ಸುರಿಯಬೇಡಿ. ಕಾಲುವೆಗೆ ನೀರು ಬಂದು ಹೊಂಡ ತುಂಬಿದ ಮೇಲೆ ಬೆರಳುದ್ದದ ಬಲಿತ ಮರಿಯನ್ನೇ ಬಿಡಿ. ಬೇಸಗೆಗೆ ಮುಂಚೆ ದೊಡ್ಡದನ್ನೆಲ್ಲ ಹಿಡಿದು ಮಾರುವಂತಿರಬೇಕು.

ಫೆಬ್ರುವರಿ ಕಳೆದ ಮೇಲೆ ಸಗಣಿ, ಗೊಬ್ಬರ ಹಾಕುವುದನ್ನು ನಿಲ್ಲಿಸಿರಿ. ನೀರಿನ ಹಸಿರನ್ನು ಅಳೆಯಲು ಯಂತ್ರ ಬೇಡ. ಮೊಳಕೈವರೆಗೆ ಕೈ ಮುಳುಗಿಸಿ ಅಂಗೈ ನೋಡಿ. ಅಂಗೈ ಮಬ್ಬಾಗಿ ಕಂಡರೆ ಸರಿ. ಮಣಿಕಟ್ಟು ಮುಳುಗುವ ಮೊದಲೇ ಬೆರಳು ಕಾಣದಾದರೆ ಹಸಿರು ಮಿತಿಮೀರಿದೆ. ಮೇವನ್ನೂ ನಿಲ್ಲಿಸಿ, ನೀರಿದ್ದರೆ ಸ್ವಲ್ಪ ಹೊರಬಿಟ್ಟು ಹೊಸದು ತುಂಬಿಸಬೇಕು. ಮೀನು ಬಾಯಿ ಮೇಲೆತ್ತಿದ ದಿನ ಮೇವು ಹಾಕಲೇಬಾರದು. ಪಂಪಿನ ನೀರನ್ನು ಹೊಂಡದ ಮೇಲೆಯೇ ಎತ್ತರದಿಂದ ಸೀಳಿ ಬೀಳುವಂತೆ ಮಾಡಿದರೆ ತಕ್ಷಣಕ್ಕೆ ಉಸಿರು ಸಿಗುತ್ತದೆ. ಇದನ್ನು ಬೆಳಗಾದ ಮೇಲೆ ಮಾಡುವುದಲ್ಲ, ರಾತ್ರಿ ಎರಡು ಗಂಟೆಯಿಂದ ಸೂರ್ಯ ಮೂಡುವ ವರೆಗೆ. ಆ ಹೊತ್ತಿಗೆ ಕರೆಂಟು ಇರುತ್ತದೆಯೇ ಎಂಬುದು ನಿಮಗೇ ಗೊತ್ತು. ಇಲ್ಲದ ಊರಿನಲ್ಲಿ ಮೀನಿನ ಸಂಖ್ಯೆಯನ್ನು ಮೊದಲೇ ಎಕರೆಗೆ ಸಾವಿರಕ್ಕೆ ಇಳಿಸಿಕೊಳ್ಳುವುದು ಲೇಸು.

ಹೊಂಡದ ನಡುವೆ ಅಡಿ ಗುರುತು ಹಾಕಿದ ಒಂದು ಗಳು ನೆಡಿ. ಹತ್ತಿಪ್ಪತ್ತು ರೂಪಾಯಿಯದಲ್ಲದಿದ್ದರೂ ಒಂದು ಸಾಧಾರಣ ಉಷ್ಣಮಾಪಕ ಕೊಳ್ಳಿ. ಬೆಳಗಿನ ಆರಕ್ಕೆ ಮತ್ತು ಮಧ್ಯಾಹ್ನ ಮೂರಕ್ಕೆ ನೀರಿನ ಬಿಸಿ, ಗಳುವಿನ ಮೇಲಿನ ಆಳ, ಅಂಗೈ ಕಂಡಿತೇ ಇಲ್ಲವೇ, ಹಾಕಿದ ಮೇವೆಷ್ಟು, ಇಷ್ಟನ್ನು ಮಕ್ಕಳ ಹಳೆಯ ನೋಟುಬುಕ್ಕಿನಲ್ಲಿ ಬರೆದಿಡಿ. ಎರಡು ಬೇಸಗೆಯ ದಾಖಲೆ ಕೂಡಿದರೆ ಮೇಲಿನ ಲೆಕ್ಕದಲ್ಲಿ ನಾನು ಅಂದಾಜಿಗೆ ಹಿಡಿದ ಬಿಸಿ ಮತ್ತು ಆಳದ ಜಾಗದಲ್ಲಿ ನಿಮ್ಮ ಹೊಂಡದ ಸ್ವಂತ ಅಂಕಿಗಳನ್ನು ಬರೆಯಬಹುದು. ಆ ಪುಸ್ತಕವನ್ನು ಹಗರಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ತಾಲ್ಲೂಕಿನ ಮೀನುಗಾರಿಕೆ ಇಲಾಖೆಗೋ ಹೋಗುವಾಗ ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಮೀನು ಸತ್ತಿತೆಂದು ಬರಿಗೈಯಲ್ಲಿ ಬಂದವರಿಗೆ ಹೇಳಬಹುದಾದದ್ದು ಕಡಮೆ.